ಎರಡು ಲೈನು, ಮಧ್ಯೆ ಒಂದು ಸ್ಕ್ವಿಡ್

ನಮ್ಮ ಕಾಲೇಜಿನ ಲ್ಯಾಬಿನಲ್ಲಿ 60 ಕಂಪ್ಯೂಟರ್. 100 ಎಂಬಿಪಿಎಸ್‌ನ ಫೈಬರ್ ಲೈನು ಮೊದಲಿಂದ ಇತ್ತು. ಹೋದ ವರ್ಷ 50ರದ್ದು ಇನ್ನೊಂದು ಬಂತು. "ಸರ್, ಇನ್ಮೇಲೆ 150 ಸ್ಪೀಡ್ ಅಲ್ವಾ?" ಅಂತ ಅಟೆಂಡರ್ ಕೇಳಿದ. ಹೂಂ ಅಂದೆ. ತಿಂಗಳಾದರೂ ಎರಡನೇ ಮೋಡೆಮ್ ದೀಪ ಉರಿಸಿಕೊಂಡು ಸುಮ್ನೆ ಕೂತಿತ್ತು.

ತಪ್ಪು ನನ್ನದೇ. ರಿಕ್ವೆಸ್ಟ್ ಯಾವ ಕಂಪ್ಯೂಟರಿನಿಂದ ಬಂತು ಅಂತ ನೋಡಿ, ಐಪಿಟೇಬಲ್ಸ್‌ನ (ಲಿನಕ್ಸ್ ಸರ್ವರಿನ ಫೈರ್‌ವಾಲ್) ಪ್ರಿರೂಟಿಂಗ್‌ನಲ್ಲಿ, ಅಂದರೆ ಒಳಬಂದ ತಕ್ಷಣದ ಹಂತದಲ್ಲಿ, ಗುರುತು ಹಾಕಿ ಎರಡು ಲೈನಿಗೆ ಹಂಚಿದ್ದೆ. ಆದರೆ ನಮ್ಮ ಸರ್ವರಿನಲ್ಲಿ ಸ್ಕ್ವಿಡ್ ಅಂತ ಪ್ರಾಕ್ಸಿ ಇದೆ, ಎಲ್ಲರ ಪರವಾಗಿ ಸೈಟುಗಳನ್ನು ತಂದುಕೊಡುವ ಸಾಫ್ಟ್‌ವೇರ್. ಹುಡುಗರ ರಿಕ್ವೆಸ್ಟ್ ಸ್ಕ್ವಿಡ್‌ವರೆಗೆ ಬಂದು ಅಲ್ಲೇ ಮುಗಿಯುತ್ತದೆ. ಹೊರಗೆ ಹೋಗುವುದು ಸ್ಕ್ವಿಡ್ ತಾನೇ ತೆರೆಯುವ ಹೊಸ ಕನೆಕ್ಷನ್. ಅದಕ್ಕೆ ನನ್ನ ಗುರುತು ಅಂಟುವುದೇ ಇಲ್ಲ. ಸೀದಾ ಡೀಫಾಲ್ಟ್ ಗೇಟ್‌ವೇ, ಅಂದರೆ ಮೊದಲಿನ ಲೈನಿನ ದಾರಿ, ಹಿಡಿಯುತ್ತದೆ.

ಹಾಗಾಗಿ ಹಂಚುವ ಕೆಲಸವನ್ನು ಸ್ಕ್ವಿಡ್‌ಗೇ ಒಪ್ಪಿಸಿದೆ. ಯಾವ ಐಪಿಯಿಂದ (ನೆಟ್‌ವರ್ಕ್ ವಿಳಾಸ) ಹೊರಡಬೇಕು ಅಂತ ಅದರ ಟಿಸಿಪಿ ಔಟ್‌ಗೋಯಿಂಗ್ ಅಡ್ರೆಸ್ ಅನ್ನುವ ಸೆಟ್ಟಿಂಗಿನಲ್ಲಿ ಹೇಳಬಹುದು. ಜೊತೆಗೆ ಲಿನಕ್ಸ್‌ನಲ್ಲಿ ಎರಡು ರೂಟಿಂಗ್ ಟೇಬಲ್ (ಯಾವ ದಾರಿ ಅಂತ ಹೇಳುವ ಪಟ್ಟಿ), ಎರಡು ರೂಲ್: ಈ ಅಡ್ರೆಸ್‌ನಿಂದ ಹೊರಟದ್ದು ಈ ಮೋಡೆಮ್‌ಗೆ, ಆ ಅಡ್ರೆಸ್‌ನದ್ದು ಆ ಮೋಡೆಮ್‌ಗೆ.

ಸ್ಕ್ವಿಡ್‌ನಲ್ಲಿ ರ‍್ಯಾಂಡಮ್ ಅಂತ ಒಂದು ಎಸಿಎಲ್ (ಯಾವುದಕ್ಕೆ ಯಾವ ನಿಯಮ ಅಂತ ಆರಿಸುವ ಷರತ್ತು) ಇದೆ. ಅದಕ್ಕೆ 1/3 ಕೊಟ್ಟೆ. ಮೂರರಲ್ಲಿ ಒಂದು ಕನೆಕ್ಷನ್ ಚಿಕ್ಕ ಲೈನಿಗೆ, ಉಳಿದದ್ದು ದೊಡ್ಡದಕ್ಕೆ. ಲೆಕ್ಕ ಚೆನ್ನಾಗಿ ಕೂತಿತು. ಎರಡು ದಿನ ಮೀಸೆ ತಿರುವಿದೆ.

ಮೂರನೇ ದಿನ ಪರೀಕ್ಷೆ ಫೀಸ್ ಕಟ್ಟಲು ಕೊನೇ ದಿನ. ಒಬ್ಬಳು ಹುಡುಗಿ ಓಡಿ ಬಂದಳು. "ಸರ್, ಒಟಿಪಿ ಹಾಕಿದ ತಕ್ಷಣ ಮತ್ತೆ ಲಾಗಿನ್ ಕೇಳ್ತಿದೆ." ಲಾಗಿನ್ ಆಗಿದ್ದು ಒಂದು ಐಪಿಯಿಂದ, ಒಟಿಪಿ ಹೋಗಿದ್ದು ಇನ್ನೊಂದರಿಂದ. ಕಳ್ಳರಿರಬೇಕು ಅಂತ ಸೈಟು ಬಾಗಿಲು ಹಾಕಿಕೊಂಡಿತ್ತು. ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಫೀಸ್ ಕಟ್ಟಿಸಿದೆ.

ಅವತ್ತು ಸಂಜೆಯೇ ರ‍್ಯಾಂಡಮ್ ಕಿತ್ತುಹಾಕಿದೆ. ಈಗ 1ರಿಂದ 40ರವರೆಗಿನ ಕಂಪ್ಯೂಟರಿಗೆ ದೊಡ್ಡ ಲೈನು, 41ರಿಂದ 60ಕ್ಕೆ ಚಿಕ್ಕದು. ಒಮ್ಮೊಮ್ಮೆ ಒಂದು ತುಂಬಿ ಇನ್ನೊಂದು ಖಾಲಿ ಇರುತ್ತದೆ. ಇರಲಿ, ಬ್ಯಾಂಕ್ ಸೈಟು ತೆರೆಯುತ್ತದಲ್ಲ.

ಲೈನು ಸತ್ತರೆ ಮಾತ್ರ ಸ್ಕ್ವಿಡ್‌ಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಸ್ಕ್ರಿಪ್ಟ್ ಬರೆದು ಮೋಡೆಮ್‌ಗೆ ಪಿಂಗ್ ಮಾಡಿಸುತ್ತಿದ್ದೆ, ಅಂದರೆ "ಇದ್ದೀಯಾ?" ಅಂತ ಕೇಳಿಸುತ್ತಿದ್ದೆ. ಒಂದು ದಿನ ಗೇಟಿನ ಹತ್ತಿರ ಜೆಸಿಬಿ ಕೇಬಲ್ ಕಿತ್ತಿತು. ಮೋಡೆಮ್‌ನಲ್ಲಿ ಸಿಗ್ನಲ್ ಇಲ್ಲ ಅನ್ನುವ ಕೆಂಪು ಎಲ್‌ಒಎಸ್ ದೀಪ ಮಿಣಮಿಣ ಅನ್ನುತ್ತಿದೆ, ಸ್ಕ್ರಿಪ್ಟ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ! ಪಕ್ಕದಲ್ಲೇ ಕೂತ ಮೋಡೆಮ್ ಉತ್ತರ ಕೊಡದೆ ಇರುತ್ತದೆಯೇ? ಈಗ ಎರಡೂ ಲೈನಿನ ಅಡ್ರೆಸ್‌ನಿಂದ ಹೊರಗಿರುವ ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ ಹೋಗುತ್ತದೆ. ಮೂರು ಸಲ ತಪ್ಪಿದರೆ ಎಲ್ಲರೂ ಇನ್ನೊಂದು ಲೈನಿಗೆ. ಹಾಗೆ ಬದಲಾಗುವಾಗ ಯಾರದ್ದಾದರೂ ಡೌನ್‌ಲೋಡ್ ಕಟ್ ಆಗುತ್ತದೆ. ಅದಕ್ಕೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ.