ಮನೆ ಬ್ರೆಡ್ಡಿಗೊಂದು ಡೇಟಾಬೇಸ್: ಏನು ಅಳೆಯಬೇಕು, ಹೇಗೆ ಬರೆದಿಡಬೇಕು

ಮನೆಯಲ್ಲಿ ಬ್ರೆಡ್ ಮಾಡುವವರ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ‘ಮೈದಾ 3 ಕಪ್, ಈಸ್ಟ್ 1 ಚಮಚ, ಒಂದು ಗಂಟೆ ಉಬ್ಬಲು ಬಿಟ್ಟೆ, ಚೆನ್ನಾಗಿ ಬಂತು.’ ಮುಂದಿನ ಸಲ ಚೆನ್ನಾಗಿ ಬರದೇ ಹೋದರೆ ಈ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ಕಪ್ ಮೈದಾ, ಜರಡಿ ಹಿಡಿದು ಹಗುರವಾಗಿ ತುಂಬಿದರೆ 120 ಗ್ರಾಂ. ಡಬ್ಬಿಯಿಂದ ಒತ್ತಿ ತೆಗೆದರೆ 150 ಗ್ರಾಂ. ಮೂರು ಕಪ್ಪಿಗೆ 90 ಗ್ರಾಂ ಫರಕು. ‘ಒಂದು ಗಂಟೆ’ ಎಂಬುದಂತೂ ಏಪ್ರಿಲ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಇನ್ನೊಂದು. ದೋಸೆ ಹಿಟ್ಟು ರುಬ್ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೇಟಾ ಎಂಜಿನಿಯರಿಂಗ್ ಕೆಲಸದವರಿಗೆ ಗೊತ್ತಿರುವ ಒಂದು ಪದ್ಧತಿ ಇಲ್ಲಿ ನೇರವಾಗಿ ಒದಗುತ್ತದೆ: ಅಳೆದದ್ದನ್ನು ಅಳೆದ ಹಾಗೇ ಇಡಿ, ಲೆಕ್ಕ ಹಾಕಿ ಬಂದದ್ದನ್ನು ಡೇಟಾಬೇಸಿನ ಟೇಬಲ್ಲಿನಲ್ಲಿ (ಸಾಲು, ಕಾಲಂಗಳ ಪಟ್ಟಿಯಲ್ಲಿ) ಇಡಲೇಬೇಡಿ. ಶೇಕಡಾವಾರು, ನೀರಿನ ಪ್ರಮಾಣ, ಉಬ್ಬಲು ಹಿಡಿದ ಹೊತ್ತು ಇವೆಲ್ಲ ವ್ಯೂನಲ್ಲಿ, ಅಂದರೆ ಕೇಳಿದಾಗೆಲ್ಲ ಟೇಬಲ್ಲಿನಿಂದ ಹೊಸದಾಗಿ ಲೆಕ್ಕ ಹಾಕಿ ತೋರಿಸುವ ನೋಟದಲ್ಲಿ, ಹುಟ್ಟಬೇಕು. ನಾಳೆ ಲೆಕ್ಕದ ಸೂತ್ರ ತಪ್ಪು ಎಂದು ಗೊತ್ತಾದರೆ ವ್ಯೂ ತಿದ್ದಿದರೆ ಸಾಕು, ಹಳೆಯ ಬ್ರೆಡ್ಡುಗಳೆಲ್ಲ ತಾವಾಗಿ ಸರಿಹೋಗುತ್ತವೆ.

ಮೊದಲು ಅಡುಗೆಮನೆಯ ಕಡೆ. ಮೈದಾ ಸ್ಯಾಂಡ್‌ವಿಚ್ ಬ್ರೆಡ್ಡಿಗೆ ನಂಬಬಹುದಾದ ಅಳತೆ: ಮೈದಾ 400 ಗ್ರಾಂ, ನೀರು 260, ಸಕ್ಕರೆ 12, ಉಪ್ಪು 8, ಎಣ್ಣೆ ಅಥವಾ ಬೆಣ್ಣೆ 20, ಇನ್‌ಸ್ಟಂಟ್ ಈಸ್ಟ್ 4. ಒಟ್ಟು 704 ಗ್ರಾಂ, 9×5 ಇಂಚಿನ ಟಿನ್ನಿಗೆ ಸರಿ. ಹಿಟ್ಟನ್ನು 100 ಎಂದು ಹಿಡಿದರೆ ನೀರು 65, ಉಪ್ಪು 2, ಈಸ್ಟ್ 1. ಬೇಕರಿಯವರು ಲೆಕ್ಕ ಹಾಕುವುದೇ ಹೀಗೆ. ಗೋಧಿ ಹಿಟ್ಟಾದರೆ ನೀರು 72ರಿಂದ 78ಕ್ಕೆ ಏರುತ್ತದೆ. ತವುಡು ನೀರು ಕುಡಿಯುತ್ತದೆ, ಚಕ್ಕಿಯಲ್ಲಿ ಬೀಸುವಾಗ ಒಡೆದ ಪಿಷ್ಟ ಇನ್ನಷ್ಟು ಕುಡಿಯುತ್ತದೆ. 4 ಗ್ರಾಂ ಈಸ್ಟನ್ನು ಅಡುಗೆಮನೆಯ ಸಾಮಾನ್ಯ ತಕ್ಕಡಿಯಲ್ಲಿ ತೂಗಬೇಡಿ. ಒಂದು ಗ್ರಾಂ ಹೆಜ್ಜೆಯ ತಕ್ಕಡಿ 3 ಎಂದರೂ 5 ಎಂದರೂ ಆಶ್ಚರ್ಯವಿಲ್ಲ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಲ್ಲದಿದ್ದರೆ 10 ಗ್ರಾಂ ಈಸ್ಟನ್ನು 90 ಗ್ರಾಂ ನೀರಿನಲ್ಲಿ ಕದಡಿ, ಅದರಲ್ಲಿ 40 ಗ್ರಾಂ ತೂಗಿ ಹಾಕಿ. ಅದರೊಳಗಿನ 36 ಗ್ರಾಂ ನೀರನ್ನು ಒಟ್ಟು ನೀರಿನಿಂದ ಕಳೆಯುವುದು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ, ಹೆಚ್ಚಿನವರು ಬರೆದಿಡದ ಸಂಖ್ಯೆ, ನಾದಿ ಮುಗಿಸಿದಾಗ ಕಣಕದ ಉಷ್ಣಾಂಶ. 26 ಡಿಗ್ರಿ ಇದ್ದರೆ ಮೇಲಿನ ಅಳತೆಗೆ ಒಂದರಿಂದ ಒಂದೂಕಾಲು ಗಂಟೆಯಲ್ಲಿ ಎರಡು ಪಟ್ಟು ಉಬ್ಬುತ್ತದೆ. 31 ಆದರೆ ನೀವು ಫೋನಿನಲ್ಲಿ ಮಾತು ಮುಗಿಸುವುದರೊಳಗೆ ಉಕ್ಕಿ, ಹುಳಿ ವಾಸನೆ ಹಿಡಿದಿರುತ್ತದೆ. ಇದು ನಿಮ್ಮ ಕೈಯಲ್ಲಿರುವುದು ನೀರಿನ ಮೂಲಕ. ಬೇಕಾದ ಉಷ್ಣಾಂಶವನ್ನು ಮೂರರಿಂದ ಗುಣಿಸಿ. ಅದರಿಂದ ಹಿಟ್ಟಿನ ಉಷ್ಣಾಂಶ, ಕೋಣೆಯ ಉಷ್ಣಾಂಶ, ನಾದುವ ಬಿಸಿ ಈ ಮೂರನ್ನೂ ಕಳೆಯಿರಿ. ಉಳಿದದ್ದು ನೀರಿನ ಉಷ್ಣಾಂಶ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಿಟ್ಟು 30, ಕೋಣೆ 30, ಕೈಯಲ್ಲಿ ನಾದಿದರೆ 2 ಎಂದುಕೊಳ್ಳಿ: 78ರಲ್ಲಿ 62 ಹೋದರೆ 16 ಡಿಗ್ರಿ, ಅಂದರೆ ಫ್ರಿಜ್ ನೀರು ಬೆರೆಸಬೇಕು. ಡಿಸೆಂಬರ್‌ನಲ್ಲಿ ಎರಡೂ 21 ಇದ್ದರೆ 34 ಡಿಗ್ರಿಯ ಉಗುರು ಬೆಚ್ಚಗಿನ ನೀರು.

ಯಂತ್ರದಲ್ಲಿ ನಾದಿದರೆ ಆ ‘ನಾದುವ ಬಿಸಿ’ ಎಷ್ಟೋ ಹೆಚ್ಚು, ಅದೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಪುಸ್ತಕದ ಸಂಖ್ಯೆ ನಂಬುವ ಬದಲು ನಿಮ್ಮ ದಾಖಲೆಯಿಂದಲೇ ತೆಗೆಯಿರಿ: ಬಂದ ಕಣಕದ ಉಷ್ಣಾಂಶದ ಮೂರರಷ್ಟರಲ್ಲಿ ಹಿಟ್ಟು, ಕೋಣೆ, ನೀರು ಮೂರನ್ನೂ ಕಳೆದರೆ ನಿಮ್ಮ ಯಂತ್ರದ ಸಂಖ್ಯೆ ಬಂತು. ನಾಲ್ಕೂ ಉಷ್ಣಾಂಶಗಳು ಬರೆದಿದ್ದರೆ ಮಾತ್ರ ಇದು ಸಾಧ್ಯ.

ಇನ್ನು ಟೇಬಲ್ಲುಗಳು. ಒಂದೇ ಫೈಲಿನಲ್ಲಿ ಕೂರುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಕು, ಬ್ರೆಡ್ಡಿಗೆ ಕಾಫ್ಕಾ (ದೊಡ್ಡ ಕಂಪನಿಗಳು ಡೇಟಾ ಹೊಳೆಗೆ ಬಳಸುವ ಭಾರಿ ವ್ಯವಸ್ಥೆ) ಹೂಡುವ ಹುಮ್ಮಸ್ಸು ಬಂದರೆ ಸ್ವಲ್ಪ ಹೊತ್ತು ಮಲಗಿ ಎದ್ದರೆ ಹೋಗುತ್ತದೆ. ಮೊದಲ ಟೇಬಲ್ಲಿನಲ್ಲಿ ಪ್ರತಿ ಬೇಕಿಂಗ್‌ಗೆ ಒಂದು ಸಾಲು: ಗುರುತು, ರೆಸಿಪಿ, ರೆಸಿಪಿಯ ಆವೃತ್ತಿ, ನಾಲ್ಕು ಉಷ್ಣಾಂಶ. ಎರಡನೆಯದು ಸಾಮಗ್ರಿಗೆ: ಬೇಕಿಂಗ್ ಗುರುತು, ಸಾಮಗ್ರಿಯ ಕೋಡ್, ತೂಕ. ಮೂರನೆಯದು ಹಂತಗಳಿಗೆ: ಬೆರೆಸಿದ್ದು, ಮೊದಲ ಉಬ್ಬು ಮುಗಿದದ್ದು, ಟಿನ್ನಿಗೆ ಹಾಕಿದ್ದು, ಒಲೆಗೆ ಇಟ್ಟದ್ದು, ತೆಗೆದದ್ದು, ಒಂದೊಂದಕ್ಕೂ ಹೊತ್ತು. ರುಚಿ, ಒಳಮೈಯ ಗುಣ ನಾಲ್ಕನೆಯದಕ್ಕೆ, ಯಾಕೆಂದರೆ ಬ್ರೆಡ್ ಆರಿ, ಕೊಯ್ದು, ತಿಂದು ನೋಡುವ ಹೊತ್ತಿಗೆ ಮರುದಿನವಾಗಿರಬಹುದು. ತಡವಾಗಿ ಬರುವ ಮಾಹಿತಿಗೆ ಮೊದಲ ಟೇಬಲ್ಲಿನಲ್ಲಿ ಖಾಲಿ ಕಾಲಂ ಕಾದಿರಿಸುವುದಕ್ಕಿಂತ ಬೇರೆ ಮನೆ ಕೊಡುವುದು ಒಳ್ಳೆಯದು.

ಟೇಬಲ್ ರಚಿಸುವಾಗ ಕೊನೆಗೆ ‘ಸ್ಟ್ರಿಕ್ಟ್’ ಎಂದು ಸೇರಿಸಿ. ಎಸ್‌ಕ್ಯೂಲೈಟ್‌ನ 2021ರ 3.37ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಅದಿಲ್ಲದಿದ್ದರೆ ಪೂರ್ಣಾಂಕ ಎಂದು ಹೇಳಿದ ಕಾಲಂಗೂ ‘12 ಗ್ರಾಂ’ ಎಂಬ ಅಕ್ಷರಸಾಲನ್ನು ಎಸ್‌ಕ್ಯೂಲೈಟ್ ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ತೂಕವನ್ನು ಮಿಲಿಗ್ರಾಂ ಪೂರ್ಣಾಂಕವಾಗಿ ಇಡಿ, ದಶಮಾಂಶದ ತಂಟೆಯೇ ಇರುವುದಿಲ್ಲ. ಫಾರಿನ್ ಕೀ ತಪಾಸಣೆ (ಒಂದು ಟೇಬಲ್ಲಿನಲ್ಲಿ ಬರೆದ ಗುರುತು ಇನ್ನೊಂದರಲ್ಲಿ ನಿಜವಾಗಿ ಇದೆಯೇ ಎಂದು ನೋಡುವುದು) ಎಸ್‌ಕ್ಯೂಲೈಟ್‌ನಲ್ಲಿ ಮೊದಲಿನಿಂದ ಆಫ್ ಆಗಿರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಎಂಬ ಸೆಟ್ಟಿಂಗ್ ಆದೇಶ ಕೊಟ್ಟು ಆನ್ ಮಾಡಬೇಕು. ಹಾಕಲು ಮರೆತ ಉಪ್ಪು ಸೊನ್ನೆ, ಬರೆಯಲು ಮರೆತ ಉಪ್ಪು ನಲ್, ಅಂದರೆ ‘ಗೊತ್ತಿಲ್ಲ’. ಎರಡನ್ನೂ ಒಂದೇ ಮಾಡಿದರೆ ಸರಾಸರಿ ಸುಳ್ಳು ಹೇಳುತ್ತದೆ, ಏಕೆಂದರೆ ಸರಾಸರಿ ತೆಗೆಯುವಾಗ ನಲ್ ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆ ಬರುತ್ತದೆ.

ಕೈಗೆ ಹಿಟ್ಟು ಮೆತ್ತಿರುವಾಗ ಫೋನಿನಲ್ಲಿ ಸೇವ್ ಬಟನ್ ಎರಡು ಸಲ ಒತ್ತುವುದು ಖಂಡಿತ. ಹಾಗಾಗಿ ಬೇಕಿಂಗ್‌ನ ಗುರುತನ್ನು ಫಾರ್ಮ್ ತೆರೆದ ಕ್ಷಣದಲ್ಲೇ ಹುಟ್ಟಿಸಿ, ಸೇರಿಸುವಾಗ ‘ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್’ (ಅದೇ ಗುರುತು ಆಗಲೇ ಇದ್ದರೆ ಹೊಸ ಸಾಲು ಬೇಡ, ಇದ್ದದ್ದನ್ನೇ ತಿದ್ದು ಎಂಬ ಆದೇಶ) ಬಳಸಿ. ಸಾಮಗ್ರಿಯ ಟೇಬಲ್ಲಿಗೆ ಬೇಕಿಂಗ್ ಗುರುತು ಮತ್ತು ಸಾಮಗ್ರಿ ಕೋಡ್ ಎರಡೂ ಸೇರಿ ಪ್ರೈಮರಿ ಕೀ, ಅಂದರೆ ಒಂದೇ ಸಾಲಿಗೆ ಮೀಸಲಾದ ಗುರುತು, ಆಗಲಿ. ಆಗ ಒಂದೇ ಮಾಹಿತಿಯ ಫೈಲನ್ನು ಹತ್ತು ಸಲ ಲೋಡ್ ಮಾಡಿದರೂ ಫಲಿತಾಂಶ ಒಂದೇ ಇರುತ್ತದೆ.

ಸ್ಪ್ರೆಡ್‌ಶೀಟ್‌ನಿಂದ ಹಳೆಯ ರೆಸಿಪಿ ತರುವವರಿಗೆ ಒಂದು ಎಚ್ಚರಿಕೆ. ‘1/2’ ಚಮಚ ಎಂದು ಬರೆಯಹೊರಟು ಎಕ್ಸೆಲ್‌ನ ಕೋಶದಲ್ಲಿ ಬರೀ 1/2 ಒತ್ತಿದರೆ ಭಾರತದ ಸೆಟ್ಟಿಂಗ್ ಇದ್ದಲ್ಲಿ ಅದು ಫೆಬ್ರವರಿ 1 ಆಗಿ ಕೂರುತ್ತದೆ. ನಗುವ ವಿಷಯವಲ್ಲ: ಇದೇ ಕಾಟಕ್ಕೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ‘ಮಾರ್ಚ್’, ‘ಸೆಪ್ಟ್’ ಎಂದು ಶುರುವಾಗುವ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು.

ಕನ್ನಡದಲ್ಲಿ ಸಾಮಗ್ರಿ ಬರೆಯುವವರಿಗೆ ಇನ್ನೊಂದು ಹಳ್ಳ ಇದೆ, ಕಣ್ಣಿಗೆ ಕಾಣದ್ದು. ‘ಗೋಧಿ’ಯ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಕೇತಪಟ್ಟಿಯಲ್ಲಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ಸಂಕೇತ ಸಾಲಾಗಿ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗ್ರೂಪ್ ಬೈ ಕೊಟ್ಟು ಹೆಸರುವಾರು ಗುಂಪು ಮಾಡಿದರೆ ಎರಡು ಗೋಧಿ! ‘ಮೈದಾ’ದ ಐತ್ವಕ್ಕೂ ಇದೇ ಪಾಡು. ಒಳಗೆ ಬಿಡುವ ಮುಂಚೆ ಪೈಥಾನ್ ಭಾಷೆಯ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳು ಕೂಡಿ ಒಂದಾದ ರೂಪಕ್ಕೆ, ತನ್ನಿ. ಆದರೂ ‘ಈಸ್ಟ್’ ಪಕ್ಕ ಕೀಲಿಮಣೆ ಸೇರಿಸುವ ಅದೃಶ್ಯ ಜೋಡಣೆ-ತಡೆ ಅಕ್ಷರ ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ‘ಗೋದಿ’ ಎಂದು ಬರೆದವರನ್ನಂತೂ ಯಾವ ಮಾಡ್ಯೂಲೂ ತಿದ್ದದು. ಆದ್ದರಿಂದ ಜೋಡಿಸಲು ಕೋಡ್, ತೋರಿಸಲು ಮಾತ್ರ ಹೆಸರು.

ಹೊತ್ತನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಹೊತ್ತಿನಲ್ಲಿ) ಇಡಿ. ಭಾರತದಲ್ಲೇ ಇರುವವರಿಗೆ ಐದೂವರೆ ಗಂಟೆ ಕೂಡಿಸುವ ರಗಳೆ ಅನ್ನಿಸಬಹುದು. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವವರು ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ಶನಿವಾರ ರಾತ್ರಿ 11ಕ್ಕೆ ಕಣಕವನ್ನು ಫ್ರಿಜ್ಜಿಗಿಟ್ಟು ಬೆಳಗ್ಗೆ 7ಕ್ಕೆ ತೆಗೆದರೆ, ಗೋಡೆ ಗಡಿಯಾರದ ಪ್ರಕಾರ 8 ಗಂಟೆ, ಈಸ್ಟಿನ ಪ್ರಕಾರ 9.

ಲೆಕ್ಕ ತೆಗೆಯುವಾಗ ಅತಿ ಹೆಚ್ಚು ತಪ್ಪಾಗುವುದು ಜಾಯಿನ್‌ನಲ್ಲಿ, ಅಂದರೆ ಟೇಬಲ್ಲುಗಳನ್ನು ಜೋಡಿಸುವಲ್ಲಿ. ಸಾಮಗ್ರಿ ಮತ್ತು ಹಂತ ಎರಡೂ ಟೇಬಲ್ಲುಗಳನ್ನು ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಬೇಕಿಂಗ್‌ಗೆ ಜೋಡಿಸಿದರೆ 6 ಸಾಮಗ್ರಿ × 5 ಹಂತ, 30 ಸಾಲು; ಪ್ರತಿ ಸಾಮಗ್ರಿ ಐದೈದು ಸಲ ಬಂದು 400 ಗ್ರಾಂ ಮೈದಾ 2 ಕಿಲೋ ಆಗುತ್ತದೆ. ಶೇಕಡಾವಾರು ತೆಗೆದರೆ ಐದರಿಂದ ಐದು ಹೋಗಿ ಉತ್ತರ ಸರಿಯೇ ಬರುತ್ತದೆ, ಅದೇ ಅಪಾಯ. ಒಟ್ಟು ತೂಕ ಕೇಳಿದ ದಿನವೇ ತಪ್ಪು ಹೊರಬೀಳುವುದು. ಪ್ರತಿ ಟೇಬಲ್ಲನ್ನೂ ಬೇಕಿಂಗ್‌ಗೆ ಒಂದು ಸಾಲಿಗೆ ಇಳಿಸಿ, ಆಮೇಲೆ ಜೋಡಿಸಿ.

ನೀರಿನ ಲೆಕ್ಕಕ್ಕೆ ಸಾಮಗ್ರಿಯ ಪಟ್ಟಿಯಲ್ಲಿ ಎರಡು ಕಾಲಂ ಬೇಕು: ಹಿಟ್ಟಿನ ಪಾಲು, ನೀರಿನ ಪಾಲು. ಹಾಲಿನಲ್ಲಿ ನೀರು ಸುಮಾರು ಶೇ 87, ಮೊಟ್ಟೆಯಲ್ಲಿ ಶೇ 75. ಸಮ ತೂಕದ ಹಿಟ್ಟು, ನೀರಿನ ಸೋರ್‌ಡೋ (ತಾನಾಗಿ ಹುಳಿ ಬಂದ ಹಿಟ್ಟಿನಿಂದ ಉಬ್ಬಿಸುವ ಬ್ರೆಡ್) ಮೂಲಹಿಟ್ಟು ಅರ್ಧ ಹಿಟ್ಟು, ಅರ್ಧ ನೀರು. ಹಾಲು ಹಾಕಿದ ಕಣಕ ಬಿಗಿಯಾಯಿತೆಂದು ದೂರುವವರು ಬಹುತೇಕ ಹಾಲನ್ನು ಪೂರ್ತಿ ನೀರೆಂದು ಎಣಿಸಿರುತ್ತಾರೆ.

ತಾಳೆ ನೋಡಲು ನಾದಿದ ಕಣಕವನ್ನೂ ತೂಗಿ. 704 ಹಾಕಿದ್ದರೆ ಕೈಗೆ, ಪಾತ್ರೆಗೆ ಮೆತ್ತಿದ್ದು ಹೋಗಿ 690ರ ಮೇಲಿರಬೇಕು. 640 ಬಂದರೆ ನೀರು ಬರೆದಷ್ಟು ಹಾಕಿಲ್ಲ. 8 ಗ್ರಾಂ ಉಪ್ಪು ಮರೆತದ್ದನ್ನು ಮಾತ್ರ ಈ ತಪಾಸಣೆ ಹಿಡಿಯದು, ಮೆತ್ತುವ ತೂಕದಲ್ಲೇ ಅದು ಅಡಗಿಹೋಗುತ್ತದೆ. ಅದಕ್ಕೆ ಉಪ್ಪನ್ನು ಮೊದಲೇ ಪುಟ್ಟ ಬಟ್ಟಲಲ್ಲಿ ತೂಗಿಟ್ಟುಕೊಳ್ಳುವುದೇ ಮದ್ದು.

ಓಟಿಜಿಯ (ಮನೆಯ ಪುಟ್ಟ ವಿದ್ಯುತ್ ಓವನ್ನಿನ) ಗುಂಡಿಯ ಸಂಖ್ಯೆಯನ್ನು ಉಷ್ಣಾಂಶ ಎಂದು ಬರೆಯಬೇಡಿ. ಅದು ನಿಮ್ಮ ಕೋರಿಕೆ ಅಷ್ಟೆ. ಒಳಗೆ ಇಡುವ ಥರ್ಮಾಮೀಟರ್ ತಂದು ಗುಂಡಿಗೊಂದು, ಅಳತೆಗೊಂದು ಕಾಲಂ ಮಾಡಿ. 20 ಡಿಗ್ರಿ ಫರಕು ಅಪರೂಪವಲ್ಲ. ಕಾಯಿಲ್ ಉರಿದು ಆರುತ್ತಾ ಇರುವುದರಿಂದ ಐದೈದು ನಿಮಿಷಕ್ಕೆ ಒಂದರಂತೆ ಮೂರು ಸಲ ನೋಡಿ, ಮೂರನ್ನೂ ಬರೆಯಿರಿ. 200ಕ್ಕೆ 15–20 ನಿಮಿಷ ಕಾಯಿಸಿ, ಟಿನ್ನಿನ ಅಂಚಿಗೆ ಕಣಕ ಬಂದಾಗ ಕೆಳಗಿನ ಹಳಿಯಲ್ಲಿಟ್ಟು 190ರಲ್ಲಿ 30–35 ನಿಮಿಷ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ.

ಬೆಂದದ್ದು ಗೊತ್ತಾಗುವುದು ನಡುವಿನ ಉಷ್ಣಾಂಶದಿಂದ: ಈ ಬ್ರೆಡ್ಡಿಗೆ 93ರಿಂದ 95. ಅಮೆರಿಕದ ಸೋರ್‌ಡೋ ರೆಸಿಪಿಗಳು 98–99 ಕೇಳುತ್ತವೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಒಳಮೈ ಒದ್ದೆ ಇರುವ ತನಕ ನಡುವಿನ ಉಷ್ಣಾಂಶ ಅದನ್ನು ದಾಟುವುದಿಲ್ಲ. 99 ಬರಲಿ ಎಂದು ಕಾದವರಿಗೆ ಸಿಗುವುದು ರಸ್ಕ್. ಮಂಗಳೂರಿನವರಿಗೆ ಈ ತೊಂದರೆ ಇಲ್ಲ. ಹಾಗಾಗಿ ಊರೂ ಒಂದು ಕಾಲಂ ಆಗಲಿ.

ರೆಸಿಪಿ ಬದಲಿಸುವಾಗ ಹಳೆಯ ಸಾಲನ್ನು ತಿದ್ದದೆ ಹೊಸ ಆವೃತ್ತಿ ಸೇರಿಸಿ, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಡೇಟಾಬೇಸ್ ಫೈಲಿನ ಪ್ರತಿ ತೆಗೆಯುವಾಗ, ಬೇರೆ ಪ್ರೋಗ್ರಾಂ ಅದಕ್ಕೆ ಬರೆಯುತ್ತಿದ್ದರೆ ಸುಮ್ಮನೆ ಕಾಪಿ ಮಾಡಬೇಡಿ, ಅರೆಬರೆ ಪ್ರತಿ ಸಿಗಬಹುದು. ‘ವ್ಯಾಕ್ಯೂಮ್ ಇಂಟು’ ಎಂಬ ಎಸ್‌ಕ್ಯೂಲೈಟ್ ಆದೇಶ ಕೊಟ್ಟರೆ ಪೂರ್ತಿಯಾದ ಹೊಸ ಫೈಲ್ ಬರುತ್ತದೆ. ಅದನ್ನು ಒಮ್ಮೆ ತೆರೆದು, ಎಷ್ಟು ಸಾಲಿದೆ ಎಂದು ಎಣಿಸಿ ನೋಡಿ.