ದೊಡ್ಡಪ್ಪನ ತಂತಿ ಎಲ್ಲಿ ಹೋಯಿತು?

ಜೋಳ ಅಳೆಯುವ ಸೇರಿನಲ್ಲಿ ಮೊಬೈಲ್ ನಿಲ್ಲಿಸಿ, ಅಲುಗಾಡದಂತೆ ಹಿಂದೊಂದು ಬಟ್ಟೆ ತುರುಕಿದೆ. ಟ್ರೈಪಾಡ್ ತಂದಿದ್ದೆ, ಬಸ್ಸಿನ ನೂಕುನುಗ್ಗಲಿನಲ್ಲಿ ಅದರ ಒಂದು ಕಾಲು ಮುರಿದಿತ್ತು. ಕಾಲರ್ ಮೈಕ್ ಸಿಕ್ಕಿಸಲು ಹೋದರೆ ದೊಡ್ಡಪ್ಪನ ಅಂಗಿಗೆ ಕಾಲರೇ ಇಲ್ಲ. ಹೆಗಲ ಮೇಲಿನ ಟವೆಲ್ಲಿಗೆ ಸಿಕ್ಕಿಸಿದೆ.

"ಏನ್ ತಮ್ಮಾ, ದವಾಖಾನ್ಯಾಗ ಹಚ್ಚಿದಂಗ ಹಚ್ಚಾಕತ್ತಿ?" ಅಂತ ನಕ್ಕರು.

ಶ್ರಾವಣದ ಭಾನುವಾರ ಅದು. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಶ್ರಾವಣ ಅಂದರೆ ಗುಡಿಯಲ್ಲಿ ಭಜನೆ ಇದ್ದದ್ದೇ. ಶಿಶುನಾಳ ಇದೇ ಜಿಲ್ಲೆಯಲ್ಲಿದೆ. ಹಾಗಾಗಿ ಶರೀಫರ ಪದ ನಮ್ಮ ಕಡೆ ಯಾರೂ ಕೂತು ಕಲಿಯುವುದಿಲ್ಲ, ಕೇಳಿ ಕೇಳಿಯೇ ಬಂದುಬಿಡುತ್ತದೆ. ದೊಡ್ಡಪ್ಪ ಭಜನಾ ಮೇಳದಲ್ಲಿ ಹಾಡಲು ಶುರುಮಾಡಿದಾಗ ನಾನು ಹುಟ್ಟಿರಲಿಲ್ಲ. ಈಗ ಮೇಳದಲ್ಲಿ ಉಳಿದವರು ನಾಲ್ಕೇ ಜನ. ದೊಡ್ಡಪ್ಪನಿಗೂ ಉಸಿರು ಸಾಲುತ್ತಿಲ್ಲ. ಒಂದಷ್ಟು ಪದ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋಣ ಅಂತ ಹಟ ಹಿಡಿದವನು ನಾನೇ.

ಅವರಿಗೆ ಯೂಟ್ಯೂಬ್ ಹೊಸದೇನಲ್ಲ. ಮೊದಲು ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದರು. ತತ್ವಪದ ಕೇಳಿದರೆ ಅಂಗಡಿ ಹುಡುಗ ಜೊತೆಗೆ ಹತ್ತು ಸಿನಿಮಾ ಹಾಡೂ ಸುಮ್ನೆ ಹಾಕಿ ಕಳಿಸುತ್ತಿದ್ದ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಮೇಲೆ ಆ ಅಂಗಡಿಯ ಕೆಲಸ ಮುಗಿಯಿತು. ಈಗ ದೊಡ್ಡಪ್ಪ ಹೊಲದಲ್ಲಿ ಕೂತೇ ಬೇರೆ ಬೇರೆ ಊರಿನ ಮೇಳ ಕೇಳುತ್ತಾರೆ. ಯಾರ ತಾಳ ತಪ್ಪಿತು ಅಂತ ಮೊಬೈಲಿಗೇ ಬೈಯುತ್ತಾರೆ.

ಹಾಡಲು ಕೂತರು. ಬಲಗೈಯಲ್ಲಿ ಏಕತಾರಿ, ಎಡಗೈಯಲ್ಲಿ ಚಿಟಿಕೆ. ಅವರು ಹಾಡಿಗೆ ಅವಸರ ಮಾಡುವವರಲ್ಲ. ಮೊದಲು ಬರೀ ತಂತಿ ಮೀಟುತ್ತಾ ಕಣ್ಣು ಮುಚ್ಚುತ್ತಾರೆ. ಏಕತಾರಿಯ ಬುರುಡೆಯೊಳಗಿಂದ ಒಂದೇ ಸ್ವರ, ಮತ್ತೆ ಅದೇ ಸ್ವರ. ಅರ್ಧ ನಿಮಿಷವಾದರೂ ಬಾಯಿ ತೆರೆಯಲಿಲ್ಲ. ಮೇಲೆ ಫ್ಯಾನು ಗುಂಯ್ ಅನ್ನುತ್ತಿತ್ತು, ಒಳಗೆ ಫ್ರಿಜ್ಜು. ಹೊರಗೆ ಎಮ್ಮೆ ಒಂದು ಸಲ ಕೂಗಿತು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇದನ್ನೆಲ್ಲ ಆಮೇಲೆ ಕ್ಲೀನ್ ಮಾಡಿದರಾಯಿತು.

ಆ 'ಕ್ಲೀನ್' ಅನ್ನೋ ಮಾತೇ ಮುಂದೆ ತಲೆನೋವಾಯಿತು.

ರಾತ್ರಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಆಡಾಸಿಟಿ ಅಂತ ಒಂದು ತಂತ್ರಾಂಶವಿದೆ. ದುಡ್ಡು ಕೊಡಬೇಕಿಲ್ಲ, 2000ದಿಂದಲೂ ಇದೆ. ಮನೆಯಲ್ಲೇ ಕೂತು ಹಾಡು, ಪಾಡ್‌ಕಾಸ್ಟ್ ಮಾಡುವ ಎಷ್ಟೋ ಜನ ಇದರಲ್ಲೇ ಕೈ ಪಳಗಿಸಿಕೊಂಡವರು. ಗದ್ದಲ ಕಡಿಮೆ ಮಾಡುವ ಸೌಲಭ್ಯ ಅದರಲ್ಲಿದೆ. ಮೊದಲು ಬರೀ ಗದ್ದಲವಿರುವ ಸಣ್ಣ ತುಣುಕೊಂದನ್ನು ಆರಿಸಿ, 'ನೋಡಪ್ಪಾ, ಗದ್ದಲ ಅಂದರೆ ಇದು' ಅಂತ ತೋರಿಸಿಕೊಡಬೇಕು. ಯಾವ ಸ್ವರದಲ್ಲಿ ಎಷ್ಟು ಸದ್ದಿದೆ ಅಂತ ಅದು ಅಳೆದಿಟ್ಟುಕೊಳ್ಳುತ್ತದೆ. ಆಮೇಲೆ ಇಡೀ ರೆಕಾರ್ಡಿಂಗಿನಲ್ಲಿ ಆ ಅಳತೆಯನ್ನು ಮೀರದ ಸದ್ದನ್ನೆಲ್ಲ ತಗ್ಗಿಸುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ತೋರಿಸುವವನಿಗೆ ಬುದ್ಧಿ ಇದ್ದರೆ.

ಹಾಡು ಶುರುವಾಗುವ ಮುಂಚಿನ ತುಣುಕನ್ನೇ ನಾನು ಆರಿಸಿದೆ. ದೊಡ್ಡಪ್ಪ ಇನ್ನೂ ಬಾಯಿ ತೆರೆದಿಲ್ಲ, ಅಂದಮೇಲೆ ಅಲ್ಲಿರುವುದು ಬರೀ ಫ್ಯಾನು, ಫ್ರಿಜ್ಜು ಅಲ್ವಾ? ಜಾಸ್ತಿ ಕ್ಲೀನ್ ಆಗಲಿ ಅಂತ ಸದ್ದು ತಗ್ಗಿಸುವ ಅಳತೆಯನ್ನು 24 ಡೆಸಿಬೆಲ್‌ಗೆ ಏರಿಸಿಟ್ಟೆ. ಫ್ಯಾನು ಮಾಯ. ಫ್ರಿಜ್ಜೂ ಮಾಯ. ಹೆಡ್‌ಫೋನ್ ಹಾಕಿಕೊಂಡು ಮೊದಲ ಎರಡು ಸಾಲು ಕೇಳಿದೆ. ದೊಡ್ಡಪ್ಪನ ದನಿ ಸ್ಟುಡಿಯೋದಲ್ಲಿ ಹಾಡಿದಂತೆ ಒಂಟಿಯಾಗಿ ನಿಂತಿತ್ತು. ಖುಷಿಯಾಯಿತು. ಪೂರ್ತಿ ಕೇಳದೆ ಅಪ್‌ಲೋಡ್ ಮಾಡಿ ಮಲಗಿದೆ.

ಬೆಳಿಗ್ಗೆ ದೊಡ್ಡಪ್ಪನ ಕೈಗೆ ಮೊಬೈಲ್ ಕೊಟ್ಟೆ. ಕಿವಿಗೆ ಹಿಡಿದುಕೊಂಡು ಕೇಳಿದರು. ಅವರು ಹಾಡನ್ನು ಫೋನ್ ಕರೆಯಂತೆ ಕಿವಿಗೆ ಇಟ್ಟುಕೊಂಡೇ ಕೇಳುವುದು. ಅರ್ಧ ಪದ ಆಗುವ ಹೊತ್ತಿಗೆ ಹುಬ್ಬು ಗಂಟಿಕ್ಕಿದವು.

"ತಮ್ಮಾ, ನನ್ನ ತಂತಿ ಎಲ್ಲಿ ಹೋತು?"

ನಾನೂ ಕಿವಿಗೊಟ್ಟು ಕೇಳಿದೆ. ನಿಜ. ವಿಡಿಯೊದಲ್ಲಿ ಬೆರಳು ಮೀಟುವುದು ಕಾಣುತ್ತದೆ, ನಾದ ಇಲ್ಲ. ಬೆರಳು ತಾಗಿದಾಗ ಟಿಕ್ ಅಂತ ಒಂದು ಸದ್ದು, ಅದರ ಹಿಂದೆ ನೀರಿನೊಳಗಿಂದ ಗುಳುಗುಳು ಬಂದಂಥ ಏನೋ ಒಂದು. ಫ್ಯಾನಿನ ಜೊತೆ ಅವರ ಏಕತಾರಿಯನ್ನೂ ಗದ್ದಲ ಅಂತ ನಾನೇ ತೋರಿಸಿಕೊಟ್ಟಿದ್ದೆ. ಅರ್ಧ ನಿಮಿಷ ಅವರು ಶ್ರುತಿ ಹಿಡಿಯುತ್ತಾ ಕೂತಿದ್ದು ನನ್ನ ಲೆಕ್ಕದಲ್ಲಿ 'ಇನ್ನೂ ಶುರುವಾಗಿಲ್ಲ'.

"ತಂತಿ ಇಲ್ಲದ ಪದ ಅಂದ್ರ ಬರೇ ಮಾತು ಆತಲೋ," ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಧಾರವಾಡದಲ್ಲಿ ಸಂಗೀತ ಕಲಿಸುವ ಗೆಳತಿಗೆ ಫೋನ್ ಮಾಡಿದೆ. ಅವಳು ನಕ್ಕಿದ್ದೇ ನಕ್ಕಿದ್ದು. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸ್ ಮಾಡಿದವರಿಗೆಲ್ಲ ಈ ಕಾಟ ಗೊತ್ತು ಅಂದಳು. ಇವಳ ಕಡೆ ತಂಬೂರಿ ನುಡಿಯುತ್ತಿರುತ್ತಿತ್ತು, ಮಕ್ಕಳಿಗೆ ಕೇಳುತ್ತಲೇ ಇರಲಿಲ್ಲ. ವಿಡಿಯೊ ಕರೆಯ ಆ್ಯಪ್‌ಗಳು ಮಾತಿಗೆಂದು ಮಾಡಿದವು. ಮಾತು ಏರುತ್ತದೆ, ಇಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಬದಲಾಗದೆ ಒಂದೇ ಸಮ ಬರುವ ಸದ್ದು ಫ್ಯಾನೋ ಏಸಿಯೋ ಇರಬೇಕು ಅಂತ ಅವು ಒತ್ತಿಹಾಕುತ್ತವೆ. ಆಮೇಲೆ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಹುಡುಕಿ, ಅದನ್ನು ಆನ್ ಮಾಡಿಕೊಳ್ಳುವುದನ್ನು ಮಕ್ಕಳ ಅಪ್ಪ ಅಮ್ಮಂದಿರಿಗೆ ಕಲಿಸುವುದರಲ್ಲೇ ಅವಳ ಒಂದು ತಿಂಗಳು ಹೋಯಿತಂತೆ. "ನಮ್ಮ ಸಂಗೀತಕ್ಕೆ ಆಧಾರವೇ ಬದಲಾಗದ ಆ ಒಂದು ಸ್ವರ. ನೀನು ನೋಡಿದರೆ ಆಧಾರವನ್ನೇ ಗುಡಿಸಿ ಹಾಕಿದೀಯಲ್ಲ," ಅಂದಳು.

ವಿಡಿಯೊ ತೆಗೆಯೋಣ ಅಂದರೆ ಅಷ್ಟರಲ್ಲಿ ಕಾಮೆಂಟ್ ಶುರುವಾಗಿತ್ತು. ನೋಡಿದವರು 41 ಜನ, ಅದರಲ್ಲಿ ಹತ್ತು ಹನ್ನೆರಡು ಸಲ ನಾನೇ. ಒಬ್ಬರು 'ಧಾಟಿ ತಪ್ಪು' ಅಂತ ಬರೆದಿದ್ದರು. ಸಿ. ಅಶ್ವತ್ಥ್ ಹಾಡಿದ್ದನ್ನು ಕೇಳಿ ಬೆಳೆದವರಿಗೆ ಅದೇ ಧಾಟಿ ಕಿವಿಯಲ್ಲಿ ಕೂತಿದೆ, ಅವರ ತಪ್ಪಲ್ಲ. ನನಗೂ ಅಶ್ವತ್ಥ್ ದನಿ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ದೇಶದ ಮೊದಮೊದಲ ಗ್ರಾಮೊಫೋನ್ ರೆಕಾರ್ಡುಗಳಿಗೆ ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿದ್ದು 1902ರಲ್ಲಿ. ಶರೀಫಜ್ಜ ಸ್ವತಃ ಹೇಗೆ ಹಾಡುತ್ತಿದ್ದರು ಅಂತ ತೋರಿಸಲು ಯಾರ ಹತ್ತಿರವೂ ಏನೂ ಇಲ್ಲ. ಒಂದೊಂದು ಊರಿನ ಮೇಳಕ್ಕೆ ಒಂದೊಂದು ಧಾಟಿ. ಇದನ್ನೆಲ್ಲ ಉದ್ದಕ್ಕೆ ಟೈಪ್ ಮಾಡಿ, ಮತ್ತೆ ಅಳಿಸಿದೆ. ತಂತಿಯನ್ನೇ ಅಳಿಸಿದವನು ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ? ವಿಡಿಯೊ ತೆಗೆದುಹಾಕಿದೆ.

ಹಾಗೆ ನೋಡಿದರೆ ಯೂಟ್ಯೂಬಿನ ಮೊಟ್ಟಮೊದಲ ವಿಡಿಯೊವೇ ಕ್ಲೀನ್ ಇಲ್ಲ. 2005ರ ಏಪ್ರಿಲ್ 23ರಂದು ಹಾಕಿದ್ದು, ಬರೀ 19 ಸೆಕೆಂಡು. ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವಕ್ಕೆ ಸೊಂಡಿಲು ಉದ್ದ ಅಂತ ಹೇಳುತ್ತಾರೆ. ಸುತ್ತಲಿನ ಸದ್ದೆಲ್ಲ ಹಾಗೇ ಇದೆ. ಆ ಸೋಮವಾರ ಅದನ್ನು ಎರಡು ಸಲ ನೋಡಿದೆ, ಸಮಾಧಾನಕ್ಕೆ.

ಸಂಜೆ ಮತ್ತೆ ರೆಕಾರ್ಡಿಂಗಿಗೆ ಕೂತೆವು. ತಂಗಿಯ ಮಗ ಬಂದಿದ್ದ. "ಮಾಮಾ, ಕೆಳಗೊಂದು ಬೀಟ್ ಹಾಕಿ ಶಾರ್ಟ್ಸ್ ಮಾಡಿಬಿಡು, ಓಡುತ್ತೆ" ಅಂದ. ಅವನನ್ನು ಫ್ರಿಜ್ಜಿನ ಸ್ವಿಚ್ ಆರಿಸಲು ಕಳಿಸಿದೆ. ಫ್ಯಾನ್ ಆರಿಸುವ ಕೆಲಸ ಬೀಳಲಿಲ್ಲ, ಕರೆಂಟೇ ಹೋಯಿತು. ಹೊರಗೆ ಜಿಟಿಜಿಟಿ ಮಳೆ. ಈ ಸಲ ಬುದ್ಧಿ ಬಂದಿತ್ತು. "ದೊಡ್ಡಪ್ಪಾ, ಐದೇ ಸೆಕೆಂಡು ಏನೂ ಮಾಡದೆ ಸುಮ್ನೆ ಕೂಡ್ರಿ. ಬರೀ ಮನೆಯ ಸದ್ದು ಬೇಕು," ಅಂದೆ. ಎರಡು ಸೆಕೆಂಡಿಗೇ ಅವರ ಬೆರಳು ತಂತಿಗೆ ಹೋಯಿತು. ಮತ್ತೆ ಹೇಳಿದೆ, ಮತ್ತೆ ಹೋಯಿತು. ಏಕತಾರಿ ಹಿಡಿದು ಸುಮ್ನೆ ಕೂರುವುದು ಅವರ ಕೈಗೆ ಗೊತ್ತೇ ಇಲ್ಲ. ಬಿಟ್ಟೆ.

ಕಾಲರ್ ಮೈಕನ್ನು ಟವೆಲ್ಲಿನಿಂದ ತೆಗೆದು ಬುರುಡೆಗೆ ಹತ್ತಿರವಾಗಿ ಒಂದು ಚೊಂಬಿನ ಮೇಲೆ ಇಟ್ಟೆ. ಇಡೀ ಪದ ನಿಲ್ಲದೆ ಹಾಡಿದರು. ಎರಡು ಕಡೆ ಉಸಿರು ಹಿಡಿಯಿತು. ಅಲ್ಲಿ ತಂತಿ ಮಾತ್ರ ನಡೆಯುತ್ತಿತ್ತು, ಅವರು ಅದರ ಹಿಂದೆ ನಿಧಾನವಾಗಿ ಬಂದು ಸೇರಿಕೊಂಡರು. ಮುಗಿಸಿ ಕಣ್ಣು ಮುಚ್ಚಿ ಕೂತರು. ಆ ನಾದ ಇನ್ನೂ ಆರಿರಲಿಲ್ಲ, ಅಡಿಗೆಮನೆಯಿಂದ ದೊಡ್ಡಮ್ಮನ ದನಿ: "ಮುಗೀತೇನ್ರಿ? ಚಾ ಇಡ್ಲೇನು?"

ಏನನ್ನೂ ಕತ್ತರಿಸದೆ, ಏನನ್ನೂ ತಿಕ್ಕದೆ ಹಾಗೇ ಹಾಕಿದೆ. ವೈರಲ್ ಏನೂ ಆಗಲಿಲ್ಲ. ವಾರಕ್ಕೆ ಮುನ್ನೂರು ಚಿಲ್ಲರೆ ಜನ ನೋಡಿದರು. ಮಸ್ಕತ್‌ನಲ್ಲಿ ಕೆಲಸಕ್ಕಿರುವ ಒಬ್ಬರು, ಮಳೆ ಸದ್ದು ಕೇಳಲಿಕ್ಕೇ ಮೂರು ಸಲ ಹಾಕಿದೆ ಅಂತ ಬರೆದರು. ಧಾಟಿ ಬಗ್ಗೆ ಈ ಸಲವೂ ಇಬ್ಬರು ತಕರಾರು ತೆಗೆದರು. ಮತ್ತೊಬ್ಬರ ಪ್ರಶ್ನೆಯೇ ಬೇರೆ: 'ಎಲ್ಲಾ ಸರಿ, ಕೊನೆಗೆ ಚಹಾ ಕೊಟ್ರಾ ಇಲ್ವಾ?'

ದೊಡ್ಡಪ್ಪನಿಗೆ ಓದಿ ಹೇಳಿದೆ. ಅಡಿಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಕೊಟ್ರು ಅಂತ ಬರಿ. ಸಕ್ರಿ ಕಡಿಮಿ ಆಗಿತ್ತು, ಅದನ್ನೂ ಬರಿ."