ಊಟಕ್ಕೆ ಮುಂಚೆ ಹೇಳುವ ಸ್ತೋತ್ರ

ನಮ್ಮ ಪ್ರಾರ್ಥನೆಯನ್ನು ಯಾರಾದರೂ ರೆಕಾರ್ಡ್ ಮಾಡಿ ನಮಗೇ ಕೇಳಿಸಿದರೆ ಸ್ವಲ್ಪ ಮುಜುಗರ ಆಗಬಹುದು. "ಕರ್ತನೇ, ಈ ದಿನಕ್ಕಾಗಿ ನಿನಗೆ ಸ್ತೋತ್ರ" ಅಂತ ಥ್ಯಾಂಕ್ಸ್ ಹೇಳುವ ಒಂದು ಸಾಲು. ಆಮೇಲೆ ಶುರು. ಕೆಲಸ, ಕಾಯಿಲೆ, ಸಾಲ, ಮಕ್ಕಳ ಪರೀಕ್ಷೆ, ನಡುವೆ ನೆನಪಾದರೆ ಪಕ್ಕದ ಮನೆಯವರ ಕಷ್ಟ. ಕೇಳುವುದು ತಪ್ಪಲ್ಲ, ಬೇಡಿಕೊಳ್ಳಿರಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಆದರೆ ಆ ಮೊದಲ ಸಾಲು ಅರ್ಜಿಯ ಮೇಲೆ ಬರೆಯುವ "ಮಾನ್ಯರೇ" ಥರ ಆಗಿಬಿಟ್ಟಿದೆ. ಅದಿಲ್ಲದೆ ಅರ್ಜಿ ತಗೊಳ್ಳಲ್ಲ ಅಂತ ಬರೆಯುತ್ತೇವೆ, ಅಷ್ಟೇ.

ನಿಜವಾದ ಸ್ತೋತ್ರವನ್ನು ನಾವು ಆಮೇಲಿಗೆ ಎತ್ತಿಟ್ಟಿರುತ್ತೇವೆ. ಆಪರೇಷನ್ ಚೆನ್ನಾಗಿ ಆಗಲಿ, ಮಗನಿಗೆ ಕೆಲಸ ಸಿಗಲಿ, ಆಗ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳ್ತೀನಿ ಅಂತ. ಇದು ಸಹಜವೇ. ಕೊಟ್ಟ ಮೇಲೆ ಥ್ಯಾಂಕ್ಸ್ ಹೇಳುವುದು ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಅದನ್ನೂ ಮರೆಯುವವರು ಜಾಸ್ತಿ, ವಾಸಿಯಾದ 10 ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ ಅಲ್ವಾ, ಅವನೂ ಯೆಹೂದ್ಯರು ಹೊರಗಿನವನು ಅಂತ ನೋಡುತ್ತಿದ್ದ ಸಮಾರ್ಯದವನು. ಆದರೆ ಯೇಸುಸ್ವಾಮಿ ತಾವೇ ಯಾವಾಗ ಸ್ತೋತ್ರ ಹೇಳುತ್ತಿದ್ದರು ಅಂತ ಸುವಾರ್ತೆಗಳಲ್ಲಿ ನೋಡುತ್ತಾ ಹೋದರೆ ಲೆಕ್ಕ ಬೇರೆಯೇ ಇದೆ. ಅವರು ಮುಂಚೆಯೇ ಹೇಳುತ್ತಾರೆ.

5000 ಗಂಡಸರಿಗೆ ಊಟ ಹಾಕಿದ ಕಥೆಯನ್ನೇ ತಗೊಳ್ಳಿ. ನಾಲ್ಕು ಸುವಾರ್ತೆಗಳಲ್ಲೂ ಇರುವ ಕಥೆ, ನಾವು ಚಿಕ್ಕಂದಿನಿಂದ ಕೇಳಿ ಕೇಳಿ ಸವೆಸಿರುವ ಕಥೆ. ಯೋಹಾನನ ಸುವಾರ್ತೆಯಲ್ಲಿ ಶಿಷ್ಯ ಫಿಲಿಪ್ಪ ಮೊದಲು ಬಜೆಟ್ ಹೇಳುತ್ತಾನೆ: 200 ದೀನಾರಿಯ ರೊಟ್ಟಿ ತಂದರೂ ಒಬ್ಬೊಬ್ಬರಿಗೆ ಒಂದು ತುಣುಕೂ ಸಿಗಲ್ಲ. ಒಂದು ದೀನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಆಮೇಲೆ ಇನ್ನೊಬ್ಬ ಶಿಷ್ಯ ಅಂದ್ರೆಯ ಬಂದು, ಇಲ್ಲೊಬ್ಬ ಹುಡುಗನ ಹತ್ತಿರ ಜವೆಗೋದಿಯ 5 ರೊಟ್ಟಿ, 2 ಮೀನು ಇದೆ, ಆದರೆ ಇಷ್ಟು ಜನಕ್ಕೆ ಅದು ಎಲ್ಲಿಗೆ ಸಾಕು ಅನ್ನುತ್ತಾನೆ. ಇಬ್ಬರ ಲೆಕ್ಕವೂ ಸರಿಯಾಗಿಯೇ ಇದೆ, ಅದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಯೇಸುಸ್ವಾಮಿಯೂ ಹುಡುಕಲಿಲ್ಲ. ಜನರನ್ನು ಹುಲ್ಲಿನ ಮೇಲೆ ಕೂರಿಸಿ ಅಂದರು, ಆ ಐದು ರೊಟ್ಟಿ ಕೈಗೆ ತಗೊಂಡರು, ಸ್ತೋತ್ರ ಮಾಡಿದರು, ಹಂಚಿದರು. 12 ಬುಟ್ಟಿ ತುಂಬಿದ್ದು ಆಮೇಲೆ. ಸ್ತೋತ್ರ ಹೇಳುವಾಗ ಕೈಯಲ್ಲಿದ್ದದ್ದು ಸಾಲದೇ ಇರುವ ರೊಟ್ಟಿ.

ತಿಂಗಳ ಕೊನೆಯಲ್ಲಿ ಖರ್ಚಿನ ಲೆಕ್ಕ ಬರೆಯುವವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಇದ್ದದ್ದು ಸಾಕಾಗಲ್ಲ ಅಂತ ಕಣ್ಣಿಗೆ ಕಾಣುತ್ತಿದೆ. ಸಾಕಾಗುತ್ತೆ ಅಂತ ನಟಿಸಬೇಕಾಗಿಲ್ಲ. ಇದ್ದದ್ದನ್ನು ಕೈಗೆ ತಗೊಂಡು, ಇದನ್ನು ಕೊಟ್ಟಿದ್ದೀಯಲ್ಲ ಅಂತ ಹೇಳುವುದಕ್ಕೆ ಅದು ಸಾಕಾಗುವವರೆಗೂ ಕಾಯಬೇಕಾಗಿಲ್ಲ.

ನಮ್ಮ ಅತ್ತೆ ಒಬ್ಬರು ಬೆಳಗ್ಗೆ ಮಾತ್ರೆ ತಗೊಳ್ಳುವುದನ್ನು ನೋಡಬೇಕು. ಬಿಪಿಗೆ ಒಂದು, ಶುಗರಿಗೆ ಒಂದು, ಮಂಡಿಗೆ ಇನ್ನೊಂದು. ಪಟ್ ಅಂತ ಸ್ಟ್ರಿಪ್ಪಿನಿಂದ ಮಾತ್ರೆ ಅಂಗೈಗೆ ಬೀಳುತ್ತದೆ, "ಸ್ತೋತ್ರ ಸ್ವಾಮಿ" ಅನ್ನುತ್ತಾರೆ, ನುಂಗುತ್ತಾರೆ. ಇನ್ನೊಂದು ಪಟ್, ಇನ್ನೊಂದು ಸ್ತೋತ್ರ. ಮಾತ್ರೆಗೂ ಸ್ತೋತ್ರನಾ ಅತ್ತೆ ಅಂತ ಕೇಳಿದರೆ, "ಅದು ಕೆಲಸ ಮಾಡುತ್ತೋ ಬಿಡುತ್ತೋ, ನುಂಗೋಕೆ ಇವತ್ತೂ ಎದ್ದಿದೀನಲ್ಲ" ಅಂದರು. ಮಂಡಿ ನೋವು ಹೋಗಿಲ್ಲ. ಅದರ ಬಗ್ಗೆ ದೇವರ ಹತ್ತಿರ ದಿನಾ ದೂರುತ್ತಾರೆ ಕೂಡ. ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತದೆ.

ದೂರುವುದು ಅಂದಾಗ ಒಂದು ಮಾತು. ದುಃಖದಲ್ಲಿ ಇರುವವರ ಹತ್ತಿರ ಹೋಗಿ "ಎಲ್ಲದಕ್ಕೂ ಸ್ತೋತ್ರ ಹೇಳಿ" ಅಂತ ಒತ್ತಾಯ ಮಾಡುವವರು ಇದ್ದಾರೆ, ನಮ್ಮ ಸಭೆಗಳಲ್ಲಿ ಸ್ವಲ್ಪ ಜಾಸ್ತಿಯೇ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಥಾನ್ಯದಲ್ಲಿ ಲಾಜರ ಸತ್ತು ನಾಲ್ಕು ದಿನ ಆಗಿತ್ತು. ಯೇಸುಸ್ವಾಮಿ ಬಂದಾಗ ಮಾರ್ಥಳೂ ಮರಿಯಳೂ ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಅದು ದೂರು ತಾನೇ? ಯೇಸುಸ್ವಾಮಿ ಬೈಯಲಿಲ್ಲ. ಸಮಾಧಿ ಎಲ್ಲಿ ಅಂತ ಕೇಳಿ, ಅತ್ತರು. ಕಲ್ಲು ತೆಗೆದ ಮೇಲೆ ಕಣ್ಣೆತ್ತಿ, ತಂದೆಯೇ, ನನ್ನ ಮಾತು ಕೇಳಿದ್ದಕ್ಕೆ ನಿನಗೆ ಸ್ತೋತ್ರ ಅಂದರು. ಲಾಜರ ಜೀವದಿಂದ ಎದ್ದು ಹೊರಗೆ ಬಂದದ್ದು ಆಮೇಲೆ, ಆಗಿನ್ನೂ ಒಳಗೇ ಇದ್ದ. ಅತ್ತದ್ದಕ್ಕೂ ಸ್ತೋತ್ರಕ್ಕೂ ನಡುವೆ ಆರು ವಚನ ಅಷ್ಟೇ. ಅತ್ತದ್ದನ್ನು ಬಿಟ್ಟು ಬರೀ ಸ್ತೋತ್ರವನ್ನು ಇನ್ನೊಬ್ಬರ ಬಾಯಿಗೆ ತುರುಕುವುದು ಸರಿಯಲ್ಲ.

ಇನ್ನೊಂದು ಥರದ ಸ್ತೋತ್ರವೂ ಇದೆ, ಅದರ ಬಗ್ಗೆಯೂ ನನಗೆ ತಕರಾರು. ಯಾರದೋ ಮನೆ ಮುಳುಗಿತು, ಯಾರದೋ ಮಗ ದಾರಿ ತಪ್ಪಿದ ಅಂತ ಕೇಳಿದ ತಕ್ಷಣ, "ಸದ್ಯ, ದೇವರ ದಯೆ, ನಮಗೆ ಹಾಗಾಗಲಿಲ್ಲ" ಅಂತ ಬಾಯಿಗೆ ಬರುತ್ತದಲ್ಲ, ಅದು. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆಯ ಫರಿಸಾಯನದೂ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವವನದೂ, ಇದೇ. ಆ ಪ್ರಾರ್ಥನೆಯನ್ನು ಒಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಒಂದೇ ಒಂದು ಬೇಡಿಕೆ ಇಲ್ಲ! ಶುರುವಾಗುವುದೇ ಸ್ತೋತ್ರದಿಂದ. ನಾನು ಬೇರೆಯವರ ಹಾಗಲ್ಲ, ಈ ಸುಂಕದವನ ಹಾಗಂತೂ ಅಲ್ಲ, ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ದಶಮಾಂಶ ಕೊಡುತ್ತೇನೆ. ಆ ಕಡೆ, ಜನ ಪಾಪಿ ಅಂತ ದೂರ ಇಟ್ಟಿದ್ದ ಸುಂಕದವನ ಬಾಯಲ್ಲಿ ಸ್ತೋತ್ರವೇ ಇಲ್ಲ, ಪಾಪಿಯಾದ ನನ್ನನ್ನು ಕರುಣಿಸು ಅಂತ ಬರೀ ಬೇಡಿಕೆ. ನೀತಿವಂತನಾಗಿ ಮನೆಗೆ ಹೋದವನು ಅವನು. ಹಾಗಾಗಿ ಮೇಲೆ ನಾನು ಬೇಡಿಕೆಯ ಪಟ್ಟಿ ಅಂತ ಬರೆದದ್ದನ್ನು ಓದಿ ಯಾರೂ ಜಾಸ್ತಿ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಪಕ್ಕದವನನ್ನು ಅಳತೆಗೋಲು ಮಾಡಿಕೊಂಡು ಹೇಳುವ ಸ್ತೋತ್ರಕ್ಕಿಂತ ನೇರವಾದ ಬೇಡಿಕೆಯೇ ಮೇಲು. ಜವೆಗೋದಿ ರೊಟ್ಟಿ ಹಿಡಿದುಕೊಂಡು ಯೇಸುಸ್ವಾಮಿ, ಸದ್ಯ ನಮಗಾದರೂ ಐದಿದೆ, ಇವರಿಗೆ ಅದೂ ಇಲ್ಲ ಅನ್ನಲಿಲ್ಲ. ಹಂಚಿದರು.

ಶಿಲುಬೆಗೆ ಹೋಗುವ ಮುಂಚೆ ಯೇಸುಸ್ವಾಮಿ ಶಿಷ್ಯರ ಜೊತೆ ಮಾಡಿದ ಕೊನೆಯ ರಾತ್ರಿಯ ಊಟ ನಿಮಗೆಲ್ಲ ಗೊತ್ತಿರುವುದೇ. ಅವರನ್ನು ಹಿಡಿದುಕೊಡುವವನು ಅದೇ ಊಟಕ್ಕೆ ಕೂತಿದ್ದ, ಅದು ಗೊತ್ತಿದ್ದೂ ರೊಟ್ಟಿ ತಗೊಂಡು ಸ್ತೋತ್ರ ಮಾಡಿದರು.

ಅಪೊಸ್ತಲ ಪೌಲನ ಹಡಗಿನ ಕಥೆ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳು, 27ನೇ ಅಧ್ಯಾಯ. ಪೌಲ ಕೈದಿ, ರೋಮಿನ ಚಕ್ರವರ್ತಿ ಕೈಸರನ ಮುಂದೆ ವಿಚಾರಣೆಗೆ ಅಂತ ರೋಮಿಗೆ ಹೊರಟಿದ್ದಾನೆ. ಹಡಗಿನಲ್ಲಿ 276 ಜನ. ಬಿರುಗಾಳಿ ಎಷ್ಟು ಜೋರು ಅಂದರೆ ಎಷ್ಟೋ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ. 14ನೇ ರಾತ್ರಿ ನಾವಿಕರು ನೀರಿನ ಆಳ ನೋಡಿದರು, 20 ಮಾರು. ಸ್ವಲ್ಪ ಮುಂದೆ 15 ಮಾರು. ಬಂಡೆಗೆ ಬಡಿದುಬಿಡುತ್ತೇವೆ ಅಂತ ಹೆದರಿ ಹಿಂದಿನಿಂದ ನಾಲ್ಕು ಲಂಗರು ಬಿಟ್ಟು, ಯಾವಾಗ ಬೆಳಗಾಗುತ್ತೋ ಅಂತ ಕಾದರು. ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಪೌಲ, ಏನಾದರೂ ತಿನ್ನಿ, ನಿಮ್ಮಲ್ಲಿ ಯಾರ ತಲೆಯ ಒಂದು ಕೂದಲೂ ಹಾಳಾಗುವುದಿಲ್ಲ ಅಂದ. ರೊಟ್ಟಿ ತಗೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿ, ಮುರಿದು, ತಾನೇ ಮೊದಲು ತಿಂದ. ಆಗ ಉಳಿದವರಿಗೂ ಧೈರ್ಯ ಬಂತು, ತಿಂದರು.

ಜೀವ ಉಳಿಯುತ್ತೆ ಅಂತ ದೇವದೂತ ಪೌಲನಿಗೆ ಮೊದಲೇ ಹೇಳಿದ್ದ, ನಿಜ. ಆದರೆ ಹಡಗು ಹೋಗುತ್ತೆ ಅನ್ನುವುದೂ ಗೊತ್ತಿತ್ತು. ಸಿಪಾಯಿಗಳು, ನಾವಿಕರು, ಕೈದಿಗಳು, ಅವರಲ್ಲಿ ಹೆಚ್ಚಿನವರಿಗೆ ಪೌಲನ ದೇವರು ಯಾರು ಅಂತಲೇ ಗೊತ್ತಿರಲಿಕ್ಕಿಲ್ಲ. ಅವನು ಅವರಿಗೆ ಪ್ರಸಂಗ ಮಾಡಿದ ಅಂತಲೂ ಆ ಜಾಗದಲ್ಲಿ ಬರೆದಿಲ್ಲ. ತಿಂದಾದ ಮೇಲೆ ಎಲ್ಲರೂ ಸೇರಿ ಗೋಧಿಯನ್ನು ಸಮುದ್ರಕ್ಕೆ ಸುರಿದು ಹಡಗು ಹಗುರ ಮಾಡಿದರು, ಅಂದರೆ ಕೆಲಸಕ್ಕೆ ಹತ್ತಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ರಿಪೋರ್ಟಿಗೆ ಕಾಯುವವರು ಮನೆಯಿಂದ ತಂದ ಡಬ್ಬಿ ತೆರೆಯುವ ಮುಂಚೆ ಕಣ್ಣು ಮುಚ್ಚುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ. ರಿಪೋರ್ಟ್ ಇನ್ನೂ ಬಂದಿರುವುದಿಲ್ಲ.

ಅಂದ ಹಾಗೆ, ಪೌಲನ ಆ ಪ್ರಾರ್ಥನೆ ಎಷ್ಟು ಉದ್ದ ಇತ್ತು ಅಂತ ಈ ಕಥೆ ಬರೆದ ಲೂಕ ಬರೆದಿಲ್ಲ. 14 ದಿನ ಹಸಿದವರ ಮುಂದೆ ರೊಟ್ಟಿ ಹಿಡಿದುಕೊಂಡು ತುಂಬಾ ಹೊತ್ತು ನಿಂತಿರಲಾರ ಅಂತ ನನ್ನ ಅಂದಾಜು. ಊಟದ ಮುಂದೆ ಆದಾಮನಿಂದ ಶುರು ಮಾಡುವ ನಮ್ಮ ಮನೆಯ ಹಿರಿಯರು ಇದನ್ನು ಸ್ವಲ್ಪ ಗಮನಿಸಬೇಕು. ಮಕ್ಕಳು ಒಂದು ಕಣ್ಣು ತೆರೆದು ತಟ್ಟೆ ನೋಡುತ್ತಿರುತ್ತಾರೆ.